ಭೌತವೋ ರಸಾಯನವೋ

ಪದವಿಪೂರ್ವ ಪರೀಕ್ಷೆಯನ್ನು ದಾಟಿ, ವೈದ್ಯಕೀಯ ಇಂಜಿನಿಯರಿಂಗುಗಳ ನೂಕುನುಗ್ಗಲಿನಿಂದ ಸ್ವೇಚ್ಛೆಯಿಂದಲೋ ದೈವೇಚ್ಛೆಯಿಂದಲೋ ಹೊರಗುಳಿದು, ಶುದ್ಧ ವಿಜ್ಞಾನವನ್ನೇ ವ್ಯಾಸಂಗಮಾಡಬೇಕೆಂದು ನಿಶ್ಚಯಿಸಿದ ತರುಣ ತರುಣಿಯರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯೆಂದರೆ, ಭೌತವಿಜ್ಞಾನವನ್ನು ಹಿಡಿಯಬೇಕೋ ರಸಾಯನವಿಜ್ಞಾನವನ್ನು ಹಿಡಿಯಬೇಕೋ ಎಂಬುದು. ಮನೆಯ ಹಿರಿಯರು ಅಂಕಪಟ್ಟಿಯನ್ನು ನೋಡಿ ಇದಕ್ಕೆ ಉತ್ತರ ಹೇಳುತ್ತಾರೆ; ನೆರೆಯವರು ಔಷಧದ ಕಾರ್ಖಾನೆಗಳಲ್ಲಿ ದೊರೆಯುವ ಸಂಬಳವನ್ನು ನೆನೆದು ಹೇಳುತ್ತಾರೆ; ಉಪಾಧ್ಯಾಯರು, ಪಾಪ, ತಾವು ಕಲಿಸುವ ವಿಷಯವನ್ನೇ ಹೇಳುತ್ತಾರೆ. ಈ ಮಾತುಗಳಲ್ಲಿ ಒಂದೂ ಉಪೇಕ್ಷೆಗೆ ತಕ್ಕುದಲ್ಲವಾದರೂ, ಆ ಎರಡು ಶಾಸ್ತ್ರಗಳು ಒಂದೇ ವಸ್ತುವಿನ ಮುಂದೆ ನಿಂತಾಗ ಏನೇನನ್ನು ಕೇಳುವುವು ಎಂಬುದನ್ನು ಅವು ತಿಳಿಸಲಾರವು. ಅದನ್ನರಿಯಲು ಚಿನ್ನಕ್ಕಿಂತ ಒಳ್ಳೆಯ ವಸ್ತುವಾಗಲಿ ಕೋಲಾರಕ್ಕಿಂತ ಒಳ್ಳೆಯ ಸ್ಥಳವಾಗಲಿ ನನಗೆ ತೋರದು.

ಕೋಲಾರದ ಗಣಿಯಿಂದ ಮೇಲಕ್ಕೆ ಬಂದ ಕಲ್ಲಿನಲ್ಲಿ ಚಿನ್ನದ ಪ್ರಮಾಣ ಟನ್ನಿಗೆ ಗ್ರಾಮುಗಳ ಲೆಕ್ಕದ್ದು. ನೀರಿಗೂ ಗಾಳಿಗೂ ಮಣಿಯದ, ಸಾಮಾನ್ಯವಾದ ಯಾವ ಆಮ್ಲಕ್ಕೂ ಜಗ್ಗದ ಈ ಲೋಹವನ್ನು ಅಷ್ಟು ಕಲ್ಲಿನಿಂದ ಬಿಡಿಸುವ ಉಪಾಯವನ್ನು 1887ರಲ್ಲಿ ಗ್ಲಾಸ್ಗೋ ನಗರದ ಮ್ಯಾಕ್‌ಆರ್ಥರ್ ಎಂಬ ರಸಾಯನಜ್ಞನೂ ಫಾರೆಸ್ಟ್ ಸೋದರರೂ ಲೋಕಕ್ಕೆ ತಿಳಿಸಿದರು. ಕಲ್ಲನ್ನು ಹಿಟ್ಟಿನಂತೆ ಅರೆದು, ಬಹಳ ತೆಳುವಾದ ಸೈನೈಡ್ ದ್ರಾವಣದಲ್ಲಿ ಕದಡಿ, ಅದರೊಳಕ್ಕೆ ಗಾಳಿಯನ್ನು ಹಾಯಿಸಿದರೆ, ಒಂದೊಂದು ಚಿನ್ನದ ಪರಮಾಣುವನ್ನೂ ಎರಡೆರಡು ಸೈನೈಡ್ ಗುಂಪುಗಳು ಇಕ್ಕೆಲಗಳಲ್ಲಿ ಹಿಡಿದುಕೊಂಡು ನೀರಿನಲ್ಲಿ ಕರಗಿಸುತ್ತವೆ. ಬಳಿಕ ಸತುವಿನ ಪುಡಿಯನ್ನು ಹಾಕಿದೊಡನೆ ಸತು ತಾನು ಕರಗಿ ಚಿನ್ನವನ್ನು ಬಿಟ್ಟುಕೊಡುತ್ತದೆ. ಉಳಿದ ಕೆಸರನ್ನು ದಶಕಗಳ ಕಾಲ ಸುರಿದು ಸುರಿದು ಎದ್ದ ಸೈನೈಡ್ ದಿಬ್ಬಗಳು ಗಣಿಯ ಊರಾದ ಕೆ.ಜಿ.ಎಫ್.ನ ಸುತ್ತ ಇಂದಿಗೂ ನಿಂತಿವೆ. ಗಾಳಿ ಏಕೆ ಬೇಕು, ಸೈನೈಡೇ ಏಕಾಗಬೇಕು, ಸತುವಿಗೆ ಬದಲು ಬೇರೆ ಲೋಹವಾದರೆ ಏನಾದೀತು ಎಂದು ಒಂದೊಂದು ದ್ರವ್ಯದ ಸ್ವಭಾವವನ್ನೂ ಬೇರೆಬೇರೆಯಾಗಿ ವಿಚಾರಿಸಿ, ಆ ವೈವಿಧ್ಯದಲ್ಲಿಯೇ ಸುಖಿಸುವ ಮನಸ್ಸು ರಸಾಯನವಿಜ್ಞಾನಿಯದು.

ಭೌತವಿಜ್ಞಾನಿಯಾದರೋ ಬೇರೆಯೇ ಪ್ರಶ್ನೆಯನ್ನು ಎತ್ತುವನು. ಆವರ್ತಕೋಷ್ಟಕದ ಒಂದೇ ಕಂಬದಲ್ಲಿ ಮೇಲೆ ಕೆಳಗೆ ಕುಳಿತಿರುವ ಬೆಳ್ಳಿ ಚಿನ್ನಗಳಲ್ಲಿ ಒಂದು ಬಿಳಿಯದಾಗಿ ಇನ್ನೊಂದು ಹಳದಿಯಾದುದೇಕೆ? ಇದಕ್ಕೆ ಉತ್ತರವನ್ನರಸಿ ಐನ್‌ಸ್ಟೈನರ ಸಾಪೇಕ್ಷತಾವಾದದವರೆಗೂ ಹೋಗಬೇಕಾಯಿತು. ಚಿನ್ನದ ಪರಮಾಣುಗರ್ಭದಲ್ಲಿರುವ 79 ಪ್ರೋಟಾನುಗಳ ಪ್ರಬಲಾಕರ್ಷಣೆಗೆ ಸಿಕ್ಕ ಅತ್ಯಂತ ಒಳಗಿನ ಇಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧವನ್ನೂ ಮೀರಿದ ವೇಗದಲ್ಲಿರುತ್ತವೆ. ಅಂತಹ ವೇಗದಲ್ಲಿ ಸಾಪೇಕ್ಷತೆಯ ನಿಯಮಗಳು ತಲೆಯೆತ್ತಿ, ಕೆಲವು ಕಕ್ಷೆಗಳು ಕುಗ್ಗಿ, ಹೊರಗಿನ ಕಕ್ಷೆಗಳ ನಡುವಣ ಶಕ್ತಿಯ ಅಂತರವೂ ಕಿರಿದಾಗಿ, ಬೆಳ್ಳಿಯಲ್ಲಿ ಕಣ್ಣಿಗೆ ಕಾಣದ ಅತಿನೇರಳೆಯಲ್ಲಿ ಮೊದಲಾಗುವ ಹೀರಿಕೆಯು ಚಿನ್ನದಲ್ಲಿ ನೀಲಿ ಬೆಳಕಿಗೇ ಇಳಿದುಬರುತ್ತದೆ. ನೀಲಿಯನ್ನು ಕಳೆದು ಉಳಿದ ಬೆಳಕೇ ಹೊನ್ನಿನ ಹಳದಿ. ಈ ಲೆಕ್ಕವನ್ನು 1970ರ ದಶಕದಲ್ಲಿ ಬೆಳೆಸಿದವರಲ್ಲಿ ರಸಾಯನವಿಜ್ಞಾನಿಗಳೂ ಇದ್ದರೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು; ಗಡಿಗೆರೆಗಳು ವಿಶ್ವವಿದ್ಯಾನಿಲಯಗಳ ಅನುಕೂಲಕ್ಕಾಗಿ ಎಳೆದವು.

ರಸಾಯನಕ್ಕೆಲ್ಲ ಬೇಕಾದ ಭೌತನಿಯಮಗಳು ಪೂರ್ಣವಾಗಿ ತಿಳಿದಿವೆಯೆಂದೂ, ಅವುಗಳಿಂದ ಹುಟ್ಟುವ ಸಮೀಕರಣಗಳು ಬಿಡಿಸಲಾಗದಷ್ಟು ಜಟಿಲವಾಗಿರುವುದೊಂದೇ ತೊಡಕೆಂದೂ 1929ರಲ್ಲಿ ಪಾಲ್ ಡಿರಾಕ್ ಬರೆದರು. ಭೌತವನ್ನಾರಿಸಿಕೊಂಡ ಹುಡುಗರು ಈ ಮಾತಿನ ಪೂರ್ವಾರ್ಧವನ್ನು ಮಾತ್ರ ನೆನಪಿಟ್ಟುಕೊಂಡು ಮೆರೆಯುವುದುಂಟು. ಆದರೆ ತೊಡಕೆಲ್ಲ ಇರುವುದು ಉತ್ತರಾರ್ಧದಲ್ಲಿಯೇ: ಎರಡೇ ಇಲೆಕ್ಟ್ರಾನುಗಳುಳ್ಳ ಹೀಲಿಯಂ ಪರಮಾಣುವಿನ ಸಮೀಕರಣಕ್ಕೂ ಅಂದಾಜಿನ ಸಹಾಯವಿಲ್ಲದೆ ಉತ್ತರ ದೊರೆಯುವುದಿಲ್ಲ. ಕೇಶಿರಾಜನ ಶಬ್ದಮಣಿದರ್ಪಣದ ಸೂತ್ರಗಳನ್ನೆಲ್ಲ ಕಂಠಸ್ಥಮಾಡಿದ ಮಾತ್ರಕ್ಕೆ ಪಂಪಭಾರತದ ಒಂದು ಪದ್ಯವನ್ನಾದರೂ ಅವುಗಳಿಂದ ಹೊರಡಿಸುವುದು ಯಾರಿಗೆ ಸಾಧ್ಯ? ಡಿರಾಕರು ಹೇಳಿದ ತೊಡಕನ್ನು ಬಹುಮಟ್ಟಿಗೆ ಸಡಿಲಿಸಿದ ವಿಧಾನವನ್ನು 1960ರ ದಶಕದಲ್ಲಿ ರೂಪಿಸಿದ ವಾಲ್ಟರ್ ಕೋನ್ ಭೌತವಿಜ್ಞಾನಿ. ಅವರಿಗೆ 1998ರಲ್ಲಿ ದೊರೆತ ನೊಬೆಲ್ ಪಾರಿತೋಷಕವು ರಸಾಯನದ್ದು.

ಮತ್ತೆ ಕೋಲಾರಕ್ಕೆ ಬರೋಣ. ನ್ಯೂಟ್ರಿನೋ ಎಂಬ ಕಣವು ಭೂಮಿಯನ್ನೇ ತೂರಿ ಹೋಗುವಷ್ಟು ನಿರ್ಲಿಪ್ತವಾದುದು. ಅದನ್ನು ಹಿಡಿಯಬೇಕಾದರೆ ಆಕಾಶದಿಂದ ಸುರಿಯುವ ಇತರ ಕಣಗಳ ಗದ್ದಲವನ್ನೆಲ್ಲ ತಡೆಯುವ ಭಾರಿಯಾದ ಚಾವಣಿ ಬೇಕು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳ ಸಂಶೋಧಕರೊಡಗೂಡಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ತಮ್ಮ ಉಪಕರಣಗಳನ್ನು ಹೂಡಿ, ವಾಯುಮಂಡಲದಲ್ಲಿ ಜನಿಸಿದ ನ್ಯೂಟ್ರಿನೋಗಳ ಗುರುತನ್ನು 1965ರಲ್ಲಿ ಕಂಡರು. ಅದೇ ವರುಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿಯೂ ಅವು ಕಂಡವು. ಸುತ್ತಮುತ್ತ ಹರಡಿದ್ದ ಚಿನ್ನದಲ್ಲಿ ಈ ಸಂಶೋಧಕರಿಗೆ ಲೇಶವಾದರೂ ಆಸಕ್ತಿಯಿರಲಿಲ್ಲ. ಅವರಿಗೆ ಆ ಬಂಡೆ ಬರಿಯ ತೂಕ. ದ್ರವ್ಯದ ವಿಶೇಷಗಳನ್ನೆಲ್ಲ ಕಳಚಿಹಾಕಿ, ಎಲ್ಲಕ್ಕೂ ಸಮಾನವಾದ ಒಂದನ್ನು ಹುಡುಕುವ ಈ ವೈರಾಗ್ಯವನ್ನು ಕೆಲವರು ಹುಟ್ಟಿನಿಂದಲೇ ಪಡೆದುಬಂದಿರುತ್ತಾರೆ.

ಆದರೆ ನ್ಯೂಟ್ರಿನೋಗಳ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯವು ಒಬ್ಬ ರಸಾಯನವಿಜ್ಞಾನಿಯದು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಭೌತರಸಾಯನವನ್ನು ಕಲಿತ ರೇಮಂಡ್ ಡೇವಿಸ್, ಅಮೆರಿಕದ ದಕ್ಷಿಣ ಡಕೋಟದ ಹೋಮ್‌ಸ್ಟೇಕ್ ಗಣಿಯಲ್ಲಿ (ಅದೂ ಚಿನ್ನದ ಗಣಿಯೇ), ಬಟ್ಟೆಗಳನ್ನು ಡ್ರೈಕ್ಲೀನ್ ಮಾಡುವ ಕ್ಲೋರಿನ್‌ಯುಕ್ತ ದ್ರವವನ್ನು ಸುಮಾರು 3,80,000 ಲೀಟರಿನಷ್ಟು ಒಂದು ತೊಟ್ಟಿಯಲ್ಲಿ ತುಂಬಿಸಿದರು. ಸೂರ್ಯನಿಂದ ಬಂದ ನ್ಯೂಟ್ರಿನೋ ಎಲ್ಲೋ ಅಪರೂಪಕ್ಕೆ ಒಂದು ಕ್ಲೋರಿನ್ ಪರಮಾಣುವನ್ನು ತಾಗಿದರೆ ಅದು ಆರ್ಗಾನ್ ಆಗುವುದು; ವಾರಗಳ ತರುವಾಯ ಹೀಲಿಯಂ ಅನಿಲವನ್ನು ಗುಳ್ಳೆಗುಳ್ಳೆಯಾಗಿ ಹಾಯಿಸಿ, ಆ ಮಹಾರಾಶಿಯಿಂದ ಬೆರಳೆಣಿಕೆಯ ಆರ್ಗಾನ್ ಪರಮಾಣುಗಳನ್ನು ಹೆಕ್ಕಿ ಎಣಿಸಬೇಕು. ಮೂವತ್ತು ವರುಷಗಳ ದುಡಿಮೆಯಲ್ಲಿ ಹಾಗೆ ದೊರೆತವು ಸುಮಾರು 2,000 ಪರಮಾಣುಗಳು. ಸಿದ್ಧಾಂತಿಗಳು ಲೆಕ್ಕಹಾಕಿದ್ದುದರ ಮೂರನೆಯ ಒಂದು ಪಾಲು ಮಾತ್ರ ಡೇವಿಸರಿಗೆ ಸಿಕ್ಕಿದಾಗ, ಎಣಿಕೆಯೇ ತಪ್ಪಿರಬೇಕೆಂದು ಶಂಕಿಸಿದವರು ಅನೇಕರು. ದಾರಿಯಲ್ಲಿ ನ್ಯೂಟ್ರಿನೋಗಳು ತಮ್ಮ ಬಗೆಯನ್ನು ಬದಲಿಸಿಕೊಳ್ಳುತ್ತವೆಂದು ಶತಮಾನದ ತಿರುವಿನಲ್ಲಿ ಸ್ಥಿರಪಟ್ಟ ಮೇಲೆ, ಡೇವಿಸರು ಎಣಿಸಿದ್ದು ಸರಿಯೆಂದು ಎಲ್ಲರೂ ಒಪ್ಪಿದರು. 2002ರಲ್ಲಿ, 88ನೆಯ ವಯಸ್ಸಿನಲ್ಲಿ, ಅವರಿಗೆ ಬಂದುದು ಭೌತವಿಜ್ಞಾನದ ನೊಬೆಲ್.

ಆದುದರಿಂದ ಪಾರಿತೋಷಕಗಳ ಹೆಸರನ್ನು ನೋಡಿ ಶಾಸ್ತ್ರವನ್ನಾರಿಸುವುದು ವ್ಯರ್ಥ. ದೊಡ್ಡ ದೊಡ್ಡ ಸಿದ್ಧಾಂತಗಳನ್ನು ನೋಡಿ ಆರಿಸುವುದೂ ಅಪಾಯವೇ. ಕಪ್ಪುಕುಳಿಗಳ ಮೇಲಣ ಜನಪ್ರಿಯ ಪುಸ್ತಕಗಳನ್ನೋದಿ ಭೌತಕ್ಕೆ ಮರುಳಾದವರು ಮೊದಲ ವರ್ಷದಲ್ಲಿ ಅವಕಲ ಸಮೀಕರಣಗಳನ್ನು ಕಂಡು ಕಂಗೆಡುವರು. ಉರುಹಚ್ಚುವ ವಿಷಯವೆಂದು ರಸಾಯನಕ್ಕೆ ಹೆದರಿ ಓಡಿದವರು, ತಾವು ಹೆದರಿದ್ದು ಪ್ರಶ್ನೆಪತ್ರಿಕೆಗಳನ್ನು ಬರೆಯುವವರಿಗೆಂದು ತಡವಾಗಿ ಅರಿಯುವರು. ನೋಡಬೇಕಾದುದು ದಿನನಿತ್ಯದ ಕೆಲಸವನ್ನು. ಸಾಲ್ಟ್ ಅನಾಲಿಸಿಸ್ ಮಾಡುವಾಗ ಹೆಸರಿಲ್ಲದ ಆ ಚಿಟಿಕೆ ಪುಡಿಯ ಬಣ್ಣ, ವಾಸನೆ, ಒತ್ತರಗಳ ನಡುವೆ ಗಂಟೆ ಹೋದುದೇ ತಿಳಿಯದವನಿಗೆ ರಸಾಯನವು ಒಗ್ಗುವುದು. ಲೋಲಕದ ಪ್ರಯೋಗ ಮುಗಿದು ಎಲ್ಲರೂ ಮನೆಗೆ ಹೊರಟ ಮೇಲೂ, ತನ್ನ ಉತ್ತರದ ಮೂರನೆಯ ದಶಮಾಂಶ ಏಕೆ ತಪ್ಪಿತೆಂದು ಗ್ರಾಫನ್ನು ಹಿಡಿದು ಕುಳಿತವಳಿಗೆ ಭೌತವು. ಎರಡೂ ಬೇಸರ ತರಿಸಿದರೆ ಮೂರನೆಯ ಶಾಸ್ತ್ರವನ್ನು ಹುಡುಕುವುದೇ ಲೇಸು.

ಎರಡೂ ಹಿತವೆನಿಸಿದವರು ಆತುರಪಡಬೇಕಾಗಿಲ್ಲ. ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದ ನಡೆದುಬಂದ ಪಿ.ಸಿ.ಎಂ. (ಭೌತ, ರಸಾಯನ, ಗಣಿತ) ವ್ಯಾಸಂಗವು ಈ ನಿರ್ಧಾರವನ್ನು ಎಂ.ಎಸ್‌ಸಿ.ಯವರೆಗೂ ಮುಂದಕ್ಕೆ ತಳ್ಳಲು ಅವಕಾಶ ಕೊಟ್ಟಿದೆ. ಅಲ್ಲಿಂದಾಚೆಗೂ, 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದ ಸಿ.ಎನ್.ಆರ್. ರಾಯರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1976ರಲ್ಲಿ ಕಟ್ಟಿದ ಘನಸ್ಥಿತಿ ರಸಾಯನದ ವಿಭಾಗದಂತಹ ಸ್ಥಳಗಳಲ್ಲಿ ಎರಡು ಕಡೆಯವರೂ ಒಂದೇ ಮೇಜಿನ ಸುತ್ತ ದುಡಿಯುತ್ತಾರೆ. ಜಾಗರೂಕತೆ ಬೇಕಾದುದು ಗಣಿತದ ವಿಷಯದಲ್ಲಿ: ಅದನ್ನು ಬಿಟ್ಟು ರಸಾಯನ, ಸಸ್ಯ, ಪ್ರಾಣಿವಿಜ್ಞಾನಗಳ ಸಿ.ಬಿ.ಝಡ್.ಗೆ ಸೇರಿದವರು ರಸಾಯನದಲ್ಲಿ ಸುಖವಾಗಿ ಮುಂದುವರಿಯಬಲ್ಲರು, ಭೌತಕ್ಕೆ ಹಿಂದಿರುಗುವ ದಾರಿ ಮಾತ್ರ ಅವರಿಗೆ ಬಹುಮಟ್ಟಿಗೆ ಮುಚ್ಚಿಹೋಗಿರುತ್ತದೆ.