ವಿರುದ್ಧವೂ ಅಸಾತ್ಮ್ಯವೂ: ಆಹಾರದಿಂದ ಚರ್ಮಕ್ಕಾಗುವ ವಿಕಾರಗಳ ವಿಚಾರ

ಮೀನನ್ನೂ ಹಾಲನ್ನೂ ಕೂಡಿಸಿ ತಿಂದರೆ ತೊನ್ನು ಬರುವುದೆಂಬ ನಂಬಿಕೆ ನಮ್ಮ ನಾಡಿನಲ್ಲಿ ಮೀನು ತಿನ್ನುವವರಲ್ಲಿಯೂ ತಿನ್ನದವರಲ್ಲಿಯೂ ಸಮನಾಗಿ ಹರಡಿರುತ್ತದೆ. ಇದಕ್ಕೆ ಪ್ರಮಾಣವೇನೆಂದು ಕೇಳಿದರೆ ‘ಶಾಸ್ತ್ರದಲ್ಲಿ ಹೇಳಿದೆ’ ಎಂಬ ಉತ್ತರ ಸಿದ್ಧವಾಗಿರುವುದು. ಕೆಲವು ಕಾಲದ ಹಿಂದೆ ಒಂದು ವಿವಾಹದ ಮಾತುಕತೆಯಲ್ಲಿ ಕನ್ಯೆಯ ಮುಂಗೈಯ ಮೇಲಿನ ಬಿಳಿಯ ಮಚ್ಚೆಯನ್ನು ಕಂಡು ವರನ ಕಡೆಯ ಹಿರಿಯರೊಬ್ಬರು ಇದೇ ಮಾತನ್ನೆತ್ತಿ, ಸಂಸ್ಕೃತವನ್ನೋದಿದವನೆಂದು ನನ್ನನ್ನೇ ಸಾಕ್ಷಿಗೆ ಕರೆದರು. ಆ ದಿನ ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು, ಸಂಬಂಧವೂ ಕೂಡಲಿಲ್ಲ. ಶಾಸ್ತ್ರವು ಹೇಳಿರುವುದೇನು, ಹೇಳದೆ ಇರುವುದೇನು, ಹೇಳಿದುದರಲ್ಲಿ ಇಂದಿನ ಪರೀಕ್ಷೆಗೆ ನಿಲ್ಲುವುದೆಷ್ಟು ಎಂಬುದನ್ನು ಅನಂತರ ಗ್ರಂಥಗಳನ್ನು ಮುಂದಿಟ್ಟುಕೊಂಡು ವಿಚಾರಿಸಿದುದರ ಫಲವೇ ಈ ಲೇಖನ.

ಮೂಲವಾಕ್ಯವಿರುವುದು ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿ. ಮೀನು, ಹಾಲು ಎರಡೂ ಮಧುರರಸವುಳ್ಳವು. ಎರಡೂ ಸ್ರೋತಸ್ಸುಗಳನ್ನು ಕಟ್ಟುವ ಸ್ವಭಾವದವು. ಆದರೆ ವೀರ್ಯದಲ್ಲಿ ಒಂದು ಉಷ್ಣ, ಇನ್ನೊಂದು ಶೀತ. ಆದುದರಿಂದ ಕೂಡಿದಾಗ ರಕ್ತವನ್ನು ಕೆಡಿಸಿ ಮಾರ್ಗವನ್ನು ತಡೆಯುತ್ತವೆಂದು ಆತ್ರೇಯನ ಮತ. ಈ ಮಾತನ್ನು ಉದ್ಧರಿಸುವವರು ಅದರ ಮುಂದಿನ ಪಂಕ್ತಿಗಳನ್ನು ಓದಿದಂತೆ ತೋರುವುದಿಲ್ಲ. ಅಲ್ಲಿ ಭದ್ರಕಾಪ್ಯನು, ಚಿಲಿಚಿಮವೆಂಬ ಒಂದು ಜಾತಿಯನ್ನು ಬಿಟ್ಟು ಮಿಕ್ಕ ಮೀನುಗಳನ್ನೆಲ್ಲ ಹಾಲಿನೊಡನೆ ತಿನ್ನಬಹುದೆಂದು ವಾದಿಸುತ್ತಾನೆ. ಕೆಂಗಣ್ಣು, ಮೈತುಂಬ ಕೆಂಪುಗೆರೆ ಎಂದು ಆ ಮೀನಿನ ಲಕ್ಷಣವನ್ನೂ ಕೊಡುತ್ತಾನೆ. ಆತ್ರೇಯನು ಇದನ್ನೊಪ್ಪದೆ, ಯಾವ ಮೀನೂ ಕೂಡದು, ಚಿಲಿಚಿಮವಂತೂ ಸರ್ವಥಾ ಕೂಡದು ಎನ್ನುತ್ತಾನೆ. ಸಿದ್ಧಾಂತವು ಆತ್ರೇಯನದೇ ಆದರೂ, ಅಗ್ನಿವೇಶನ ಎದುರಿನಲ್ಲಿಯೇ ಇದು ವಿವಾದದ ವಿಷಯವಾಗಿತ್ತೆಂಬುದು ಗಮನಾರ್ಹ. ಅದೇ ಅಧ್ಯಾಯದ ಕೊನೆಯಲ್ಲಿ, ಅಭ್ಯಾಸವಿದ್ದವನಿಗೆ, ಸ್ವಲ್ಪವಾಗಿ ತಿಂದವನಿಗೆ, ಜಠರಾಗ್ನಿ ಬಲವಾಗಿದ್ದವನಿಗೆ, ತರುಣನಿಗೆ, ವ್ಯಾಯಾಮಿಗೆ ವಿರುದ್ಧಾಹಾರವು ಕೆಡುಕನ್ನು ಮಾಡದೆಂಬ ಅಪವಾದವನ್ನೂ ಹೇಳಿದೆ. ಇಷ್ಟು ಜನರನ್ನು ಕಳೆದರೆ ಉಳಿಯುವವರೆಷ್ಟು ಮಂದಿ!

ಇಲ್ಲಿ ಎರಡು ಶಬ್ದಗಳ ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ದ್ರವ್ಯಗಳ ಪರಸ್ಪರ ವಿರೋಧದಿಂದ, ತಿಂದವನು ಯಾರೇ ಆಗಲಿ, ಕೇಡಾಗುವುದು ‘ವಿರುದ್ಧ’. ಒಬ್ಬನಿಗೆ ಹಿತವಾದದ್ದೇ ಮತ್ತೊಬ್ಬನ ದೇಹಕ್ಕೆ ಹೊಂದದೆ ಹೋಗುವುದು ‘ಅಸಾತ್ಮ್ಯ’. ಚರಕನೇ ಸಾತ್ಮ್ಯವಿರುದ್ಧವೆಂಬುದನ್ನು ವಿರುದ್ಧದ ಪ್ರಭೇದಗಳಲ್ಲಿ ಒಂದಾಗಿ ಎಣಿಸಿರುವುದರಿಂದ ಗಡಿ ಅಷ್ಟು ಖಚಿತವಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೂ ದೋಷವು ಅನ್ನದಲ್ಲಿದೆಯೇ, ಅನ್ನಕ್ಕೂ ಉಣ್ಣುವವನಿಗೂ ಇರುವ ಸಂಬಂಧದಲ್ಲಿದೆಯೇ ಎಂಬ ಪ್ರಶ್ನೆ ಬೇರೆಬೇರೆಯೇ. ಕನ್ನಡದ ‘ಒಗ್ಗು’ ಎಂಬ ಧಾತು ಎರಡನೆಯದನ್ನು ಬಹಳ ಚೆನ್ನಾಗಿ ಹಿಡಿದಿದೆ. ‘ಬದನೆಕಾಯಿ ನನ್ನ ಮೈಗೆ ಒಗ್ಗದು’ ಎಂಬವನು ಬದನೆಕಾಯಿಯನ್ನು ದೂಷಿಸುತ್ತಿಲ್ಲ. ‘ಈ ಊರಿನ ನೀರು ಒಗ್ಗಿತು’ ಎಂಬಲ್ಲಿ ಅದೇ ಧಾತು ಅಭ್ಯಾಸದಿಂದ ಬಂದ ಹೊಂದಿಕೆಯನ್ನೂ, ಅಂದರೆ ಓಕಸಾತ್ಮ್ಯವನ್ನೂ, ಸೂಚಿಸುತ್ತದೆ. ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಗ್ರೀಕ್ ಪದಗಳಿಂದ ‘ಅಲರ್ಜಿ’ ಎಂಬ ಶಬ್ದವನ್ನು ಕಟ್ಟಿದನು. ‘ಅನ್ಯಥಾಕ್ರಿಯೆ’ ಎಂದು ಅದರ ಅಕ್ಷರಾರ್ಥ. ‘ಒಗ್ಗದಿಕೆ’ ಎಂಬ ಕನ್ನಡವು ಅದಕ್ಕಿಂತ ಅರ್ಥಪುಷ್ಟಿಯುಳ್ಳದ್ದೆಂದು ನನ್ನ ಅಭಿಪ್ರಾಯ.

ಒಗ್ಗದ ಆಹಾರವು ಚರ್ಮದಲ್ಲಿ ತೋರುವ ಮುಖ್ಯ ಲಕ್ಷಣ ನಮ್ಮ ಜನರು ಪಿತ್ತಗಂಧೆಯೆಂದು ಕರೆದು, ದೊಡ್ಡಪತ್ರೆಯ ರಸ ತಿಕ್ಕುವ ವಿಕಾರ. ಮಾಧವನಿದಾನದಲ್ಲಿ ಶೀತಪಿತ್ತ, ಉದರ್ದ, ಕೋಠಗಳೆಂಬ ಹೆಸರಿನಿಂದ ಇದರ ವರ್ಣನೆಯಿದೆ. ಕಾರಣವಾಗಿ ಮಾಧವಕರನು ಮುಂದಿಡುವುದು ಆಹಾರವನ್ನಲ್ಲ, ಶೀತಲವಾದ ಗಾಳಿಯನ್ನು. ಆದರೆ ಬಾವು ಕಣಜ ಕಡಿದಂತೆ ಏಳುವುದೆಂದು ಅವನು ಕೊಟ್ಟಿರುವ ಉಪಮೆ ಕೇವಲ ಉಪಮೆಯಲ್ಲವೆಂಬುದು ಈಗ ತಿಳಿದಿದೆ. ಕಣಜದ ಕಡಿತದಲ್ಲಿಯೂ ಪಿತ್ತಗಂಧೆಯಲ್ಲಿಯೂ ಚರ್ಮದಲ್ಲಿ ಕೆಲಸಮಾಡುವುದು ಹಿಸ್ಟಮಿನ್ ಎಂಬ ಒಂದೇ ದ್ರವ್ಯ. ಅದು ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿ, ಒಳಗಿನ ದ್ರವವನ್ನು ಹೊರಕ್ಕೆ ಜಿನುಗಿಸಿ, ನರಗಳಲ್ಲಿ ತುರಿಕೆಯನ್ನೆಬ್ಬಿಸುತ್ತದೆ.

ಆ ಹಿಸ್ಟಮಿನ್ ಹೊರಬೀಳುವ ಬಗೆ ಹೇಗೆ? 1921ರಲ್ಲಿ ಜರ್ಮನಿಯ ಕ್ಯುಸ್ಟ್ನರ್, ಪ್ರೌಸ್ನಿಟ್ಸ್ ಎಂಬಿಬ್ಬರು ಮಾಡಿದ ಪ್ರಯೋಗವು ಇದಕ್ಕೆ ಹಾದಿ ತೋರಿಸಿತು. ಕ್ಯುಸ್ಟ್ನರನಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಅವನ ರಕ್ತದ ಸೀರಮನ್ನು ಪ್ರೌಸ್ನಿಟ್ಸನು ತನ್ನ ಚರ್ಮದಲ್ಲಿ ಚುಚ್ಚಿಸಿಕೊಂಡು, ಮರುದಿನ ಅದೇ ಸ್ಥಳಕ್ಕೆ ಮೀನಿನ ಸಾರವನ್ನು ಚುಚ್ಚಿಸಿಕೊಂಡಾಗ, ಮೀನು ಒಗ್ಗುತ್ತಿದ್ದ ಅವನ ಮೈಯಲ್ಲಿಯೂ ಗಂಧೆಯೆದ್ದಿತು. ಹೀಗೆ ಒಬ್ಬನ ರಕ್ತದಿಂದ ಮತ್ತೊಬ್ಬನ ಚರ್ಮಕ್ಕೆ ಸಂಕ್ರಮಿಸಿದ ವಸ್ತುವೇ ಇಮ್ಯುನೋಗ್ಲಾಬ್ಯುಲಿನ್ ‘ಇ’ ಎಂಬುದು ನಿಶ್ಚಯವಾದದ್ದು 1960ರ ದಶಕದಲ್ಲಿ. ಇದು ಚರ್ಮದ ಮಾಸ್ಟ್ ಕೋಶಗಳ ಮೇಲೆ ಕುಳಿತು ಕಾದಿರುತ್ತದೆ. ತಾನು ಗುರುತಿಟ್ಟ ಆಹಾರಾಂಶ ಬಂದೊಡನೆ ಕೋಶವು ಒಡಲಿನ ಹಿಸ್ಟಮಿನನ್ನು ಚೆಲ್ಲುತ್ತದೆ. ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ಇದು ನಡೆದುಹೋಗುವುದು. ಗಂಧೆಯೊಡನೆ ಉಸಿರು ಕಟ್ಟುವುದು, ತಲೆಸುತ್ತಿ ಬೀಳುವುದು ಕಂಡರೆ ದೊಡ್ಡಪತ್ರೆಯನ್ನು ಹುಡುಕುತ್ತ ಕಾಲಹರಣ ಮಾಡತಕ್ಕದ್ದಲ್ಲ. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು.

ಇನ್ನು ಮೀನಿನಿಂದಲೇ ಬರುವ ಮತ್ತೊಂದು ವಿಕಾರವಿದೆ. ಬಂಗುಡೆಯಂಥ ಮೀನನ್ನು ಹಿಡಿದೊಡನೆ ಮಂಜುಗಡ್ಡೆಯಲ್ಲಿಡದಿದ್ದರೆ, ಅದರ ಮಾಂಸದಲ್ಲಿನ ಹಿಸ್ಟಿಡಿನ್ ಎಂಬ ಅಂಶವನ್ನು ಸೂಕ್ಷ್ಮಜೀವಿಗಳು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಬೇಯಿಸಿದರೂ ಅದು ನಾಶವಾಗದು. ತಿಂದವರ ಮುಖ ಕೆಂಪೇರಿ ಮೈ ತುರಿಸುವುದು, ನೋಡಿದರೆ ಒಗ್ಗದಿಕೆಯಂತೆಯೇ. ಆದರೆ ಒಗ್ಗದಿಕೆಯಲ್ಲಿ ಪಂಕ್ತಿಯಲ್ಲಿ ಕುಳಿತ ಒಬ್ಬನು ಮಾತ್ರ ಏಳುತ್ತಾನೆ. ಇಲ್ಲಿ ಪಂಕ್ತಿಯೇ ಏಳುತ್ತದೆ. ಮೊದಲನೆಯವನು ಆ ಮೀನನ್ನು ಬಿಡಬೇಕು. ಎರಡನೆಯವರು ಆ ಅಂಗಡಿಯನ್ನು ಬಿಟ್ಟರೆ ಸಾಕು. ಮೀನು ತಿಂದು ಮೈಯಲ್ಲಿ ಕೆಂಪೇರಿದವರನ್ನು ಪ್ರಾಚೀನರು ಕಂಡಿದ್ದರೆ, ಹಳಸಿದ ಮೀನಿನ ತಪ್ಪನ್ನು ಹಾಲಿನ ಮೇಲೆ ಹೊರಿಸಿರಬಹುದೇ? ಇದು ನನ್ನ ಊಹೆ ಮಾತ್ರ. ಇದಕ್ಕೆ ವಚನವನ್ನು ತೋರಿಸಲಾರೆ.

ಆಹಾರವು ಚರ್ಮವನ್ನು ನಿಧಾನವಾಗಿ ಕೆಡಿಸುವುದೂ ಉಂಟು. ಗೋಧಿಯ ಗ್ಲೂಟೆನ್ ಅಂಶವು ಕೆಲವರಲ್ಲಿ ಮೊಣಕೈ ಮೊಣಕಾಲುಗಳ ಮೇಲೆ ತುರಿಸುವ ಗುಳ್ಳೆಗಳನ್ನೆಬ್ಬಿಸುತ್ತದೆ. ಗೋಧಿ, ಬಾರ್ಲಿಗಳನ್ನು ಪೂರ್ತಿ ಬಿಟ್ಟರೆ ಕ್ರಮೇಣ ಶಮನವಾಗುವುದು. ಆದರೆ ಕೂಸುಗಳ ಇಸಬಿನ ವಿಷಯ ಬೇರೆ. ಅಂಥ ಕೂಸುಗಳಲ್ಲಿ ಕೆಲವಕ್ಕೆ ಹಾಲೋ ಮೊಟ್ಟೆಯೋ ಒಗ್ಗದಿರುವುದು ನಿಜ. ಹಾಗೆಂದು ಪರೀಕ್ಷೆಯಿಲ್ಲದೆ ಪಥ್ಯದ ಹೆಸರಿನಲ್ಲಿ ಒಂದೊಂದಾಗಿ ಎಲ್ಲವನ್ನೂ ನಿಲ್ಲಿಸಿದರೆ ಕೂಸು ಬಡಕಲಾಗುವುದಷ್ಟೇ ಲಾಭ. ಇದಕ್ಕೆ ವಿಪರೀತವಾದ ಫಲವೂ ಕಂಡಿದೆ. ತೀವ್ರ ಇಸಬು ಇಲ್ಲವೆ ಮೊಟ್ಟೆಯ ಒಗ್ಗದಿಕೆಯಿದ್ದ 640 ಶಿಶುಗಳ ಮೇಲೆ ಲಂಡನ್ನಿನಲ್ಲಿ ನಡೆಸಿದ ಪರೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಮೊದಲ ಚರ್ಮಪರೀಕ್ಷೆಯಲ್ಲಿ ಕಡಲೆಕಾಯಿಗೆ ಪ್ರತಿಕ್ರಿಯೆ ತೋರದಿದ್ದ ಮಕ್ಕಳ ಪೈಕಿ, ಅದನ್ನು ವರ್ಜಿಸಿದವರಲ್ಲಿ ಐದನೆಯ ವರ್ಷಕ್ಕೆ 100ಕ್ಕೆ 13.7 ಮಂದಿಗೆ ಕಡಲೆಕಾಯಿ ಒಗ್ಗದಾಯಿತು. ಶೈಶವದಿಂದ ಅದನ್ನು ತಿನ್ನುತ್ತ ಬಂದವರಲ್ಲಿ 1.9 ಮಂದಿಗೆ ಮಾತ್ರ. ಓಕಸಾತ್ಮ್ಯವೆಂಬ ಹಳೆಯ ಮಾತು ಇಲ್ಲಿ ನೆನಪಿಗೆ ಬರುವುದು ಸಹಜ. ಆದರೆ ಚರಕನಿಗೆ ಇದೆಲ್ಲ ತಿಳಿದಿತ್ತೆಂದು ಹೇಳುವ ಚಾಪಲ್ಯಕ್ಕೆ ನಾನು ಹೋಗಲಾರೆ.

ಈಗ ತೊನ್ನಿನ ಮಾತಿಗೆ ಬರೋಣ. ವಿರುದ್ಧಾಹಾರದಿಂದಾಗುವ ರೋಗಗಳ ಪಟ್ಟಿಯಲ್ಲಿ ಕಿಲಾಸವೂ ಇದೆ. ಆದರೆ ಅಂಧತ್ವ, ಉನ್ಮಾದ, ಭಗಂದರಗಳೂ ಅದೇ ಪಟ್ಟಿಯಲ್ಲಿವೆ. ಕಿಲಾಸಕ್ಕೇ ಮೀಸಲಾದ ನಿದಾನಶ್ಲೋಕವು ಚಿಕಿತ್ಸಾಸ್ಥಾನದ 7ನೆಯ ಅಧ್ಯಾಯದಲ್ಲಿದೆ. ಅಲ್ಲಿ ಸುಳ್ಳಾಡುವುದು, ಕೃತಘ್ನತೆ, ದೇವತಾನಿಂದೆ, ಗುರುತಿರಸ್ಕಾರ, ಪಾಪಕ್ರಿಯೆ, ಪೂರ್ವಕರ್ಮ ಇವನ್ನೆಲ್ಲ ಹೇಳಿ ಕಟ್ಟಕಡೆಗೆ ವಿರೋಧಿಯಾದ ಅನ್ನವನ್ನು ಹೇಳಿದೆ. ಆ ಹಿರಿಯರು ಹಿಡಿದದ್ದು ಈ ಶ್ಲೋಕದ ಬಾಲವನ್ನು. ಪ್ರಮಾಣವೆಂದರೆ ಇಡೀ ಶ್ಲೋಕವೂ ಪ್ರಮಾಣವೇ, ಆಗ ಆ ಹುಡುಗಿಯನ್ನು ಕೃತಘ್ನಳೆಂದೂ ಕರೆಯಬೇಕಾಗುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ದೇಹದ ರಕ್ಷಣಾವ್ಯವಸ್ಥೆಯೇ ಶತ್ರುವೆಂದು ಭ್ರಮಿಸಿ ಕೊಲ್ಲುವುದರಿಂದ ತೊನ್ನಾಗುತ್ತದೆಂದು ಇಂದು ತಿಳಿದಿದೆ. ಅದು ಅಂಟುಜಾಡ್ಯವಲ್ಲ. ಮೀನು ಹಾಲುಗಳ ಕೂಟದಿಂದ ಅದು ಬರುವುದೆಂಬುದಕ್ಕೆ ಆಧಾರವಿಲ್ಲ; ಬಂಗಾಳದವರು ಮೀನನ್ನು ಮೊಸರಿನಲ್ಲಿಯೂ ಐರೋಪ್ಯರು ಹಾಲಿನಲ್ಲಿಯೂ ಬೇಯಿಸಿ ತಿನ್ನುತ್ತಲೇ ಇದ್ದಾರೆ. ಕುಷ್ಠವೆಂಬ ಶಬ್ದದ ವಿಶಾಲಾರ್ಥವನ್ನು ಮರೆತು, ತೊನ್ನನ್ನು ಬಿಳಿಯ ಕುಷ್ಠವೆಂದು ಕರೆದದ್ದರಿಂದಾದ ಅನರ್ಥವಂತೂ ಬೇರೆಯೇ ಒಂದು ಲೇಖನಕ್ಕೆ ವಿಷಯ.

ಅಂದು ಕನ್ಯೆಯ ತಂದೆ, ತಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಮೀನು ಬೆಂದದ್ದಿಲ್ಲವೆಂದು ಮೆಲ್ಲನೆ ತಿಳಿಸಿದರು. ಹಾಗಾದರೆ ಹಾಲಿಗೆ ಉಪ್ಪು ಬಿದ್ದಿರಬೇಕೆಂದು ಆ ಹಿರಿಯರು ಉತ್ತರಕೊಟ್ಟರು.