ಕಣ್ಣಿನ ಸ್ವರ, ಕಿವಿಯ ಸ್ವರ

ಕಳೆದ ವರ್ಷ ನವನಗರದ ವಿದ್ಯಾರ್ಥಿಯೊಬ್ಬನು ತಾನು ಇಂಗ್ಲಿಷಿನಲ್ಲಿ ಬರೆದ ಅರ್ಜಿಯೊಂದನ್ನು ಹಿಡಿದು ನನ್ನ ಮನೆಗೆ ಬಂದನು. ಅವನ ಹಿರಿಯರ ಹೊಲಮನೆಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದುವು. ತಾನು ಯು.ಕೆ.ಪಿ. ಸಂತ್ರಸ್ತ ಕುಟುಂಬದವನೆಂದು ತಿಳಿಸುವಲ್ಲಿ ಅವನು ಆ ಮೂರಕ್ಷರಗಳಿಗೆ ಮೊದಲು ‘ಆ್ಯನ್’ ಎಂದು ಬರೆದಿದ್ದನು. ಸಂದರ್ಶನಕ್ಕೆ ಕುಳಿತವರೊಬ್ಬರು ಅರ್ಜಿಯ ಉಳಿದ ಸಂಗತಿಯನ್ನೆಲ್ಲ ಬಿಟ್ಟು ಈ ಒಂದು ಪದಕ್ಕೆ ನಕ್ಕರಂತೆ.

“ಯು ಅಂದ್ರ ಸ್ವರ ಅಲ್ಲೇನ್ರಿ ಸರ?” ಎಂದು ಕೇಳಿದನು. ಕೇಳಿದ್ದರಲ್ಲಿ ತಪ್ಪೇನು? ಎ, ಇ, ಐ, ಒ, ಯು ಎಂಬ ಐದನ್ನೇ ಸ್ವರಗಳೆಂದು ಬಾಯಿಪಾಠ ಮಾಡಿಸಿದವರು ಮೇಷ್ಟರಾದ ನಾವೇ ಅಲ್ಲವೆ?

ಆ ಅಕ್ಷರಗಳನ್ನು ಕನ್ನಡ ಲಿಪಿಯಲ್ಲಿ ಬರೆಯೆಂದೆನು. ‘ಯು’ ಎಂದು ಬರೆದವನು ಅಲ್ಲಿಯೇ ನಿಂತುಬಿಟ್ಟನು. ಮೊದಲಿಗಿರುವುದು ಯಕಾರ, ಯಕಾರವು ವ್ಯಂಜನ. ಇಂಗ್ಲಿಷಿನ ಈ ನಿಯಮವು ನೋಡುವುದು ಬರೆದ ಅಕ್ಷರವನ್ನಲ್ಲ, ಉಚ್ಚಾರದ ಮೊದಲ ಧ್ವನಿಯನ್ನು. ಇಂಗ್ಲಿಷ್ ಲಿಪಿ ಮರೆಮಾಡಿದ ಆ ಧ್ವನಿಯನ್ನು ನಮ್ಮ ಲಿಪಿ ಬಯಲಿಗಿಡುತ್ತದೆ. 26 ಅಕ್ಷರಗಳ ಹೆಸರುಗಳನ್ನು ಕನ್ನಡದಲ್ಲಿ ಬರೆದು ನೋಡಿರಿ: ಎ, ಇ, ಎಫ್, ಎಚ್, ಐ, ಎಲ್, ಎಂ, ಎನ್, ಒ, ಆರ್, ಎಸ್, ಎಕ್ಸ್ ಎಂಬ 12 ಸ್ವರದಿಂದ ಹೊರಡುತ್ತವೆ, ಉಳಿದ 14 ವ್ಯಂಜನದಿಂದ. ಆದುದರಿಂದ ಎಂ.ಎಲ್.ಎ.ಗೆ ‘ಆ್ಯನ್’, ಬಿ.ಟಿ.ಡಿ.ಎ. ನಿವೇಶನಕ್ಕೆ ‘ಎ’.

ಅಕ್ಷರಗಳನ್ನು ಬಿಡಿಬಿಡಿಯಾಗಿ ಓದದೆ ಪದವಾಗಿಯೇ ಓದುವಲ್ಲಿ ಲೆಕ್ಕ ಬೇರೆ. ಎನ್.ಜಿ.ಒ.ಗೆ ‘ಆ್ಯನ್’ ಸಲ್ಲುತ್ತದೆ. ಅದೇ ಅಕ್ಷರದಿಂದ ಮೊದಲಾಗುವ ನಬಾರ್ಡಿನ ಸಾಲಕ್ಕೆ ‘ಎ’. ಬಾದಾಮಿಯ ಗುಹೆಗಳನ್ನು ಎ.ಎಸ್.ಐ. ಸಂರಕ್ಷಿತ ಸ್ಮಾರಕವೆನ್ನುವಾಗ ‘ಆ್ಯನ್’. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನೆರೆಯ ಪಟ್ಟದಕಲ್ಲನ್ನು ಯುನೆಸ್ಕೊ ತಾಣವೆನ್ನುವಾಗ ‘ಎ’.

ಆದರೆ ನಮ್ಮ ಬಾಯಿಗೂ ಒಂದು ರೂಢಿಯುಂಟು. ‘ಎಲೆ’ಯನ್ನು ನಾವು ‘ಯೆಲೆ’ ಎನ್ನುತ್ತೇವೆ, ‘ಒಂದು’ ‘ವಂದು’ ಆಗುತ್ತದೆ. ಹಾಗೆಯೇ ಎಂ.ಎ. ಪದವಿಯನ್ನು ‘ಯೆಂ.ಎ.’ ಎಂದವನು ಅದಕ್ಕೆ ‘ಎ’ ಹಚ್ಚಿದರೆ ತನ್ನ ಕಿವಿಗೆ ಅವನು ಪ್ರಾಮಾಣಿಕನೇ! ಇನ್ನು ಎಚ್.ಎಂ.ಟಿ. ಗಡಿಯಾರವನ್ನು ‘ಹೆಚ್.ಎಂ.ಟಿ.’ ಎಂದು ಬರೆಯುವವರು ನಮ್ಮಲ್ಲಿ ಅಸಂಖ್ಯ. ಹಕಾರ ಬಂದೊಡನೆ ‘ಆ್ಯನ್’ ಜಾರಿಹೋಗುತ್ತದೆ. ‘ಎಚ್’ ಎಂಬುದೇ ಶಿಷ್ಟವೆಂದು ನಾನು ಹೇಳಿಕೊಡುತ್ತೇನೆ. ನನ್ನ ಕರೆಯೋಲೆಯಲ್ಲಿಯೇ ‘ಹೆಚ್’ ಅಚ್ಚಾಗಿದ್ದುದನ್ನು ವಿದ್ಯಾರ್ಥಿಗಳು ಒಮ್ಮೆ ತೋರಿಸಿದರೆಂಬುದು ಬೇರೆ ಮಾತು.

ಇಂಗ್ಲಿಷು ಪದದ ತಲೆಯನ್ನು ನೋಡಿದರೆ ಕನ್ನಡ ಅದರ ಬಾಲವನ್ನು ನೋಡುತ್ತದೆ. ಯು.ಕೆ.ಪಿ.ಯಿಂದ, ಬಿ.ಟಿ.ಡಿ.ಎ.ಯಲ್ಲಿ ಎನ್ನುವಾಗ ಯಕಾರ ಬರುತ್ತದೆ, ‘ಪಿ.ಯು.ವಿನಲ್ಲಿ’ ಎನ್ನುವಾಗ ವಕಾರ. ವ್ಯಂಜನದಲ್ಲಿ ಮುಗಿಯುವ ಬಿ.ಎಡ್. ಮಾತ್ರ ‘ಬಿ.ಎಡ್ಡಿನಲ್ಲಿ’ ಎಂದು ದ್ವಿತ್ವ ಪಡೆಯುತ್ತದೆ. ‘ಮನೆಯಲ್ಲಿ’, ‘ಗುರುವನ್ನು’ ಎಂಬಲ್ಲಿ ಕಾಣುವ ಆಗಮಸಂಧಿಯೇ ಇದು. 13ನೆಯ ಶತಮಾನದ ಕೇಶಿರಾಜನು ಬಿ.ಎ., ಎಂ.ಎ.ಗಳನ್ನು ಕಂಡವನಲ್ಲ, ಆದರೂ ‘ಶಬ್ದಮಣಿದರ್ಪಣ’ದ ಸಂಧಿಪ್ರಕರಣವನ್ನು ಓದಿದವರಿಗೆ ಈ ರೂಪಗಳು ಅಪರಿಚಿತವೆನಿಸವು.

ಹುಡುಗನ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮುಳುಗಿದ ಮನೆಯ ಪರಿಹಾರಕ್ಕಾಗಿ ಕಚೇರಿಗೆ ಅಲೆದ ದಿನಗಳನ್ನು ನೆನೆಯುವಾಗ ಆಕೆ “ಬಿ.ಟಿ.ಡಿ.ಎ.ಯವರು”, “ಯು.ಕೆ.ಪಿ.ಯವರು” ಎಂದು ಒಮ್ಮೆಯೂ ತಪ್ಪದೆ ಹೇಳುತ್ತಾರೆ. ಇದನ್ನು ಅವನಿಗೆ ಹೇಳಿದಾಗ ಅವನು ಮೊದಲ ಬಾರಿಗೆ ನಕ್ಕನು. ಬಳಿಕ ಪೆನ್ನು ಕೇಳಿ, ಬೇರೊಂದು ಕೆಲಸಕ್ಕೆಂದು ತಂದಿದ್ದ ಅರ್ಜಿಯ ಪ್ರತಿಯಲ್ಲಿ ‘ಆ್ಯನ್’ ಹೊಡೆದು ‘ಎ’ ಬರೆದನು. ಎರಡು ಸಾಲು ಕೆಳಗೆ, ತನ್ನ ಎಂ.ಎ. ಪದವಿಯ ಮೊದಲು ಇದ್ದ ‘ಎ’ಯನ್ನು ಯಾರೂ ಹೇಳದೆಯೇ ‘ಆ್ಯನ್’ ಮಾಡಿದನು.