ಮನೆ ಹೊತ್ತು ಘಟ್ಟ ಹತ್ತುವ ಡೀಸೆಲ್

ನಲವತ್ತು ಅಡಿ ಉದ್ದ, ಹದಿನಾರು ಟನ್ ತೂಕ. ಒಳಗೆ ಅಡುಗೆಮನೆ, ಬಚ್ಚಲು, ಮಂಚ, ಫ್ರಿಜ್ಜು, ತುಂಬಿದ ನೀರಿನ ಟ್ಯಾಂಕು. ಅಮೆರಿಕದ ಹೆದ್ದಾರಿಗಳಲ್ಲಿ ಓಡಾಡುವ ದೊಡ್ಡ ಡೀಸೆಲ್ ಮೋಟರ್‌ಹೋಮ್ ಎಂದರೆ ಬಸ್ಸಿನ ಗಾತ್ರದ ಚಾಸಿಯ ಮೇಲೆ ಕಟ್ಟಿದ ಒಂದು ಸಂಸಾರದ ಮನೆ. ಎಂಜಿನ್ ಹಿಂಬದಿಯಲ್ಲಿ ಕೂತಿರುವುದರಿಂದ ಅಲ್ಲಿಯವರು ಇದನ್ನು ಡೀಸೆಲ್ ಪುಷರ್ ಎನ್ನುತ್ತಾರೆ. ಲೀಟರಿಗೆ ಮೂರರಿಂದ ಮೂರೂವರೆ ಕಿಲೋಮೀಟರ್ ಕೊಟ್ಟರೆ ಮಾಲೀಕರಿಗೆ ಸಮಾಧಾನ. ಕೊಡದಿದ್ದರೆ ಅನುಮಾನ ನೇರವಾಗಿ ಹಿಂದಿನ ಆಕ್ಸಲ್ಲಿನ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳ ಮೇಲೆ ಹೋಗುತ್ತದೆ. ಆ ಹಲ್ಲುಗಳ ಲೆಕ್ಕ ಬದಲಿಸಿದರೆ ಎಂಜಿನ್ ನಿಧಾನವಾಗಿ ತಿರುಗುತ್ತದೆ, ನಿಧಾನವಾಗಿ ತಿರುಗಿದರೆ ಎಣ್ಣೆ ಉಳಿಯುತ್ತದೆ ಎಂಬ ನಂಬಿಕೆ. ಈ ನಂಬಿಕೆಯಲ್ಲಿ ನಿಜ ಇರುವುದು ತೀರ ಸ್ವಲ್ಪ. ಗೇರಿನ ನಿಜವಾದ ಬೆಲೆ ತಿಳಿಯುವುದು ಸಮತಟ್ಟು ರಸ್ತೆಯಲ್ಲಿ ಅಲ್ಲ, ಏರಿನಲ್ಲಿ ಮತ್ತು ಇಳಿಜಾರಿನಲ್ಲಿ.

ಮೊದಲು ಸಮತಟ್ಟು ರಸ್ತೆಯ ಲೆಕ್ಕ ನೋಡೋಣ. ಒಂದೇ ವೇಗದಲ್ಲಿ ಸಾಗುವ ಗಾಡಿಗೆ ಎದುರಾಗುವುದು ಎರಡು ತಡೆ, ಒಂದು ಟೈರುಗಳದು, ಇನ್ನೊಂದು ಗಾಳಿಯದು. ಹದಿನಾರು ಟನ್ನಿಗೆ ಟೈರುಗಳ ತಡೆ ಸುಮಾರು 1,100 ನ್ಯೂಟನ್. ವೇಗ ಏರಿದರೂ ಅದು ಹೆಚ್ಚೇನೂ ಬದಲಾಗುವುದಿಲ್ಲ. ಗಾಳಿಯ ತಡೆ ಹಾಗಲ್ಲ, ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎರಡೂವರೆ ಮೀಟರ್ ಅಗಲದ, ಮೂರೂವರೆ ಮೀಟರಿಗೂ ಮಿಕ್ಕು ಎತ್ತರದ ಚಪ್ಪಟೆ ಮೂತಿಗೆ ಗಂಟೆಗೆ 90 ಕಿ.ಮೀ. ವೇಗದಲ್ಲಿ ಗಾಳಿ ಒಡ್ಡುವ ತಡೆ ಸುಮಾರು 2,000 ನ್ಯೂಟನ್, 105ರಲ್ಲಿ 2,750, 120ರಲ್ಲಿ 3,600. ಟೈರಿನ ಪಾಲನ್ನೂ ಸೇರಿಸಿ ಚಕ್ರದಲ್ಲಿ ಬೇಕಾಗುವ ಶಕ್ತಿಯನ್ನು ಲೆಕ್ಕ ಹಾಕಿದರೆ 90ರಲ್ಲಿ ಸುಮಾರು 105 ಅಶ್ವಶಕ್ತಿ, 105ರಲ್ಲಿ 150, 120ರಲ್ಲಿ 210. ವೇಗ ಮೂರನೇ ಒಂದು ಪಾಲು ಹೆಚ್ಚಿದ್ದಕ್ಕೆ ಶಕ್ತಿಯ ಬೇಡಿಕೆ ಇಮ್ಮಡಿ. ಡೀಸೆಲ್ಲಿನ ಶಾಖದಲ್ಲಿ ಶೇಕಡ 36ರಷ್ಟು ಚಕ್ರಕ್ಕೆ ತಲುಪುತ್ತದೆ ಎಂದು ಇಟ್ಟುಕೊಂಡರೆ ಲೀಟರಿಗೆ ಸಿಗುವ ದೂರ ಕ್ರಮವಾಗಿ ಸುಮಾರು 4, 3.3, 2.7 ಕಿ.ಮೀ. ಈ ಲೆಕ್ಕದಲ್ಲಿ ಗೇರಿನ ಮಾತು ಇನ್ನೂ ಬಂದೇ ಇಲ್ಲ ಎಂಬುದನ್ನು ಗಮನಿಸಬೇಕು. ಎಷ್ಟು ಶಕ್ತಿ ಬೇಕು ಎಂದು ತೀರ್ಮಾನಿಸುವುದು ರಸ್ತೆ ಮತ್ತು ಗಾಳಿ. ಆ ಶಕ್ತಿಯನ್ನು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತಿನಲ್ಲಿ ಕೊಡಬೇಕು ಎಂಬುದಷ್ಟೇ ಗೇರಿನ ಅಧಿಕಾರ.

ಒಂದು ನಿಜವಾದ ಜೋಡಿಯನ್ನೇ ಎತ್ತಿಕೊಳ್ಳೋಣ. ಈ ಗಾಡಿಗಳಲ್ಲಿ ಬಹಳ ಕಾಣಸಿಗುವ 8.9 ಲೀಟರಿನ ಕಮಿನ್ಸ್ ಐಎಸ್‌ಎಲ್ ಎಂಜಿನ್ 400 ಅಶ್ವಶಕ್ತಿಯದು. ಅದರ ಅತಿ ಹೆಚ್ಚಿನ ಟಾರ್ಕ್, ಎಂದರೆ ತಿರುಚುಬಲ, ಸುಮಾರು 1,630 ನ್ಯೂಟನ್-ಮೀಟರ್. ಅದು ಸಿಗುವುದು 1,300 ಆರ್‌ಪಿಎಂನಲ್ಲಿ. ಜೊತೆಗೆ ಆರು ಗೇರಿನ ಆಲಿಸನ್ 3000 ಆಟೋಮ್ಯಾಟಿಕ್ ಗೇರುಪೆಟ್ಟಿಗೆ. ಅದರ ಮೊದಲ ಗೇರಿನ ಅನುಪಾತ 3.49, ನಾಲ್ಕನೆಯದು ಸರಿಸಮ ಒಂದು, ಐದನೆಯದು 0.75, ಆರನೆಯದು 0.65. ಹಿಂದಿನ ಆಕ್ಸಲ್ಲಿನ ಅನುಪಾತ 4.63 ಇರಲಿ. 22.5 ಇಂಚಿನ ರಿಮ್ಮಿನ ದೊಡ್ಡ ಟೈರು ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 520 ಸುತ್ತು ತಿರುಗುತ್ತದೆ. ಅದನ್ನು 4.63ರಿಂದಲೂ 0.65ರಿಂದಲೂ ಗುಣಿಸಿದರೆ ಎಂಜಿನ್ನಿನ ಸುತ್ತು ಸಿಗುತ್ತದೆ: 1,565.

ಈಗ ಆಕ್ಸಲ್ ಬದಲಿಸಿ 4.30 ಹಾಕಿಸಿದರು ಎನ್ನೋಣ. ಅದೇ ವೇಗಕ್ಕೆ ಎಂಜಿನ್ 1,450ರ ಆಸುಪಾಸಿಗೆ ಇಳಿಯುತ್ತದೆ, ಎಂದರೆ ಶೇಕಡ ಏಳರಷ್ಟು ಕಡಿಮೆ. ಪಿಸ್ಟನ್, ಬೇರಿಂಗು, ಪಂಪುಗಳ ಉಜ್ಜಾಟ ಅಷ್ಟರಮಟ್ಟಿಗೆ ತಗ್ಗುತ್ತದೆ. ಆದರೆ ಇಷ್ಟು ದೊಡ್ಡ ಎಂಜಿನ್ ಒಳಗಿನ ಉಜ್ಜಾಟಕ್ಕೆ ಕಳೆದುಕೊಳ್ಳುವುದೇ ಹದಿನೈದು ಇಪ್ಪತ್ತು ಕಿಲೋವ್ಯಾಟ್. ಅದರಲ್ಲಿ ಉಳಿಯುವುದು ಎರಡು ಕಿಲೋವ್ಯಾಟಿನಷ್ಟು. ಮೈಲೇಜಿನಲ್ಲಿ ಅದು ನೂರಕ್ಕೆ ಒಂದೆರಡು ಪಾಲು. ಪೆಟ್ರೋಲ್ ಎಂಜಿನ್ ಆಗಿದ್ದರೆ ಲಾಭ ಇನ್ನೂ ಹೆಚ್ಚಿರುತ್ತಿತ್ತು, ಏಕೆಂದರೆ ಪೆಟ್ರೋಲ್ ಎಂಜಿನ್ನಿನ ಗಂಟಲಲ್ಲಿ ಗಾಳಿಗೆ ಅಡ್ಡ ನಿಲ್ಲುವ ಥ್ರಾಟಲ್ ತಟ್ಟೆ ಇದೆ. ಸುತ್ತು ಹೆಚ್ಚಿ ಹೊರೆ ಕಡಿಮೆಯಾದಾಗ ಎಂಜಿನ್ ಮುಚ್ಚಿದ ತಟ್ಟೆಯ ವಿರುದ್ಧ ಗಾಳಿ ಹೀರಲು ಹೆಣಗುತ್ತದೆ. ಡೀಸೆಲ್ ಎಂಜಿನ್ ಹೊರೆಯನ್ನು ಹತೋಟಿಯಲ್ಲಿಡುವುದು ಗಾಳಿಯನ್ನು ತಡೆದು ಅಲ್ಲ, ಎಣ್ಣೆಯನ್ನು ಅಳೆದು. ಆದ್ದರಿಂದ ಎತ್ತರದ ಗೇರಿನಿಂದ ಅದಕ್ಕೆ ದಕ್ಕುವ ಉಳಿತಾಯ ಚಿಕ್ಕದು.

ಅದೇ ಶೇಕಡ ಏಳನ್ನು ಆಕ್ಸಲ್ ಬಿಚ್ಚದೆ ವೇಗದಲ್ಲಿ ಇಳಿಸಿ ನೋಡಿ. 105ರಲ್ಲಿ ಓಡುತ್ತಿದ್ದವರು 98ಕ್ಕೆ ಬಂದರೆ ಸಾಕು. ಎಂಜಿನ್ನಿನ ಸುತ್ತು ಆಗಲೂ ಅಷ್ಟೇ ಇಳಿಯುತ್ತದೆ, ಮೇಲಾಗಿ ಗಾಳಿಯ ತಡೆ ತಗ್ಗಿ ಪ್ರತಿ ಕಿಲೋಮೀಟರಿಗೆ ಬೇಕಾಗುವ ಕೆಲಸದಲ್ಲೇ ಶೇಕಡ ಒಂಬತ್ತರಷ್ಟು ಉಳಿಯುತ್ತದೆ. ಸಾವಿರಾರು ಡಾಲರು ಸುರಿದು ಆಕ್ಸಲ್ ಬದಲಿಸುವ ಮೊದಲು ಯಾರೇ ಆಗಲಿ ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು ಎಂದು ನನ್ನ ಕಳಕಳಿಯ ಮನವಿ.

ಹಾಗೆಂದು ಆಕ್ಸಲ್ ಆಯ್ಕೆ ಎಂದೂ ಮುಖ್ಯವಾಗಿರಲಿಲ್ಲ ಎಂದಲ್ಲ. ಹಳೆಯ ಗಾಡಿಗಳಲ್ಲಿದ್ದ ಆಲಿಸನ್ ಎಂಟಿ-643 ಗೇರುಪೆಟ್ಟಿಗೆಗೆ ನಾಲ್ಕೇ ಗೇರು, ಟಾಪ್ ಗೇರು ಸರಿಸಮ ಒಂದು. ಹೆದ್ದಾರಿಗೆ ಒಪ್ಪುವ ಆಕ್ಸಲ್ ಹಾಕಿದರೆ ಏರಿನಲ್ಲಿ ಎಳೆತ ಸಾಲದು, ಏರಿಗೆ ಒಪ್ಪುವುದನ್ನು ಹಾಕಿದರೆ ಹೆದ್ದಾರಿಯಲ್ಲಿ ಎಂಜಿನ್ ಕಿರುಚುತ್ತದೆ. 1990ರ ದಶಕದಲ್ಲಿ ಕಂಪ್ಯೂಟರ್ ನಿಯಂತ್ರಿತ ಆರು ಗೇರಿನ ಪೆಟ್ಟಿಗೆ ಬಂದ ಮೇಲೆ ಆ ಇಕ್ಕಟ್ಟು ಬಹುಪಾಲು ಕರಗಿತು. 4.63ರ ಆಕ್ಸಲ್ಲನ್ನು ಆರನೇ ಗೇರಿನ ಜೊತೆ ಗುಣಿಸಿದರೆ ಒಟ್ಟು ಮೂರು. ಮೊದಲ ಗೇರಿನಲ್ಲಿ ಅದೇ ಹದಿನಾರು.

ಹೊಸ ಇಕ್ಕಟ್ಟು ಬೇರೆಯದು. ಆಕ್ಸಲ್ 4.30ರಂತೆ ಎತ್ತರದ್ದಾದರೆ, ಎಂದರೆ ಅನುಪಾತದ ಅಂಕಿ ಚಿಕ್ಕದಾದರೆ, 80 ಕಿ.ಮೀ. ವೇಗದಲ್ಲಿ ಆರನೇ ಗೇರಿಗೆ ಎಂಜಿನ್ 1,160ರಷ್ಟೇ ತಿರುಗಬೇಕಾಗುತ್ತದೆ. ಟಾರ್ಕ್ ಚೆನ್ನಾಗಿ ಸಿಗುವ ಮಟ್ಟಕ್ಕಿಂತ ಅದು ಕೆಳಗೆ. ಆದ್ದರಿಂದ ಗೇರುಪೆಟ್ಟಿಗೆಯ ಕಂಪ್ಯೂಟರ್ ಆ ವೇಗದಲ್ಲಿ ಆರನೆಯದನ್ನು ಕೊಡುವುದೇ ಇಲ್ಲ, ಗಾಡಿ ಐದರಲ್ಲೇ ಓಡುತ್ತದೆ. ಎಣ್ಣೆ ಉಳಿಸಲೆಂದು ನಿಧಾನವಾಗಿ ಹೋಗುವವರಿಗೆ ಹೊಸ ಆಕ್ಸಲ್ಲಿನ ಪ್ರಯೋಜನ ಆಗ ಸಿಗುವುದೇ ಇಲ್ಲ. ಏರಿಳಿತದ ರಸ್ತೆಯಲ್ಲಂತೂ ಪೆಟ್ಟಿಗೆ ಐದು ಆರರ ನಡುವೆ ಓಲಾಡುತ್ತದೆ. ಗೇರು ಗುಂಡಿಗಳ ಪಕ್ಕದ ಮೋಡ್ ಗುಂಡಿ ಒತ್ತಿದರೆ ಬೇಗ ಮೇಲಿನ ಗೇರಿಗೆ ಹೋಗುವ, ತಡವಾಗಿ ಕೆಳಗಿಳಿಯುವ ಮಿತವ್ಯಯದ ಕ್ರಮ ಶುರುವಾಗುತ್ತದೆ. ಬಯಲು ಸೀಮೆಯಲ್ಲಿ ಅದು ಒಳ್ಳೆಯದು. ಏರಿನಲ್ಲಿ ಅದನ್ನು ಆಫ್ ಮಾಡುವುದೇ ಸರಿ.

ಏರಿಗೆ ಒಂದು ಉದಾಹರಣೆ ನೋಡೋಣ. ಕೊಲರಾಡೊದ ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿ ಹಿಡಿದರೆ ಸುಮಾರು ನೂರು ಕಿಲೋಮೀಟರಿನೊಳಗೆ ರಾಕಿ ಪರ್ವತವನ್ನು ಕೊರೆದು ಮಾಡಿದ ಐಸೆನ್‌ಹೋವರ್ ಸುರಂಗ ಸಿಗುತ್ತದೆ. 1973ರಲ್ಲಿ ತೆರೆದ ಈ ಸುರಂಗ ಇರುವುದು 3,400 ಮೀಟರ್ ಎತ್ತರದಲ್ಲಿ. ಹದಿನಾರು ಟನ್ನನ್ನು 1,800 ಮೀಟರ್ ಮೇಲಕ್ಕೆ ಎತ್ತಲು ಬೇಕಾದ ಕೆಲಸ 282 ಮೆಗಾಜೂಲ್. ಎಂಜಿನ್ನಿನ ನಷ್ಟವನ್ನೂ ಸೇರಿಸಿದರೆ ಬರೀ ಎತ್ತುವುದಕ್ಕೇ ಇಪ್ಪತ್ತು ಲೀಟರಿಗೂ ಹೆಚ್ಚು ಡೀಸೆಲ್. ಯಾವ ಗೇರಿನಲ್ಲಿ ಹತ್ತಿದರೂ ಈ ಸುಂಕ ಕಟ್ಟಲೇಬೇಕು.

ಸುರಂಗಕ್ಕೆ ಹತ್ತಿರವಾದಂತೆ ರಸ್ತೆ ನೂರು ಮೀಟರಿಗೆ ಆರು ಮೀಟರಿನಷ್ಟು ಏರುವ ಕಡೆಗಳಿವೆ. ಅಂಥ ಏರಿನಲ್ಲಿ ಗುರುತ್ವವೊಂದೇ ಹಿಂದಕ್ಕೆ ಎಳೆಯುವ ಬಲ 9,400 ನ್ಯೂಟನ್, ಬಯಲಿನಲ್ಲಿ 105ರ ವೇಗಕ್ಕೆ ಎಲ್ಲ ಸೇರಿ ಎದುರಾಗುತ್ತಿದ್ದುದರ ಎರಡೂವರೆ ಪಟ್ಟು. ಗಾಡಿ 72 ಕಿ.ಮೀ. ವೇಗಕ್ಕೆ ಇಳಿದಿದೆ ಎನ್ನೋಣ. 4.63ರ ಆಕ್ಸಲ್ ಇದ್ದರೆ ಐದನೇ ಗೇರಿನಲ್ಲಿ ಎಂಜಿನ್ 1,300ರಲ್ಲಿ ತಿರುಗುತ್ತದೆ. ಟಾರ್ಕ್ ಅಲ್ಲಿ ಪೂರ್ತಿ ಇದೆ, ನಿಜ. ಆದರೆ ಶಕ್ತಿ ಎಂದರೆ ಟಾರ್ಕನ್ನು ಸುತ್ತಿನಿಂದ ಗುಣಿಸಿದ್ದು. 1,300ರಲ್ಲಿ ಸಿಗುವುದು ಮುನ್ನೂರರಷ್ಟು ಅಶ್ವಶಕ್ತಿ, ಅದು ಸಾಲದು. ವೇಗ ಇನ್ನೂ ಕುಸಿಯುತ್ತದೆ. ನಾಲ್ಕಕ್ಕೆ ಇಳಿಸಿದರೆ ಅದೇ ವೇಗದಲ್ಲಿ ಎಂಜಿನ್ 1,730ರಲ್ಲಿ ತಿರುಗುತ್ತದೆ, ಪೂರ್ಣ ಶಕ್ತಿಯ ಹತ್ತಿರಕ್ಕೆ ಬರುತ್ತದೆ, ಗಾಡಿ ಆ ವೇಗವನ್ನು ಹೆಚ್ಚುಕಡಿಮೆ ಉಳಿಸಿಕೊಳ್ಳುತ್ತದೆ. ಗೇರು ಸೈಕಲ್ ತುಳಿಯುವವರು ಏರು ಬಂದಾಗ ಪೆಡಲು ಗಟ್ಟಿಯಾಗುವ ಮೊದಲೇ ಗೇರು ಇಳಿಸಿ ಕಾಲು ಬೇಗ ಬೇಗ ಆಡಿಸುವುದು ಇದಕ್ಕೇ.

ವೇಗಕ್ಕಿಂತ ದೊಡ್ಡ ವಿಷಯ ಶಾಖ. ಕಡಿಮೆ ಸುತ್ತಿನಲ್ಲಿ ಎಂಜಿನ್ ಏದುಸಿರು ಬಿಡುತ್ತಾ ಎಳೆಯುವಾಗ ಪ್ರತಿ ಸುತ್ತಿಗೆ ಸುರಿಯುವ ಎಣ್ಣೆ ಹೆಚ್ಚು, ಸಿಲಿಂಡರಿಗೆ ಸಿಗುವ ಗಾಳಿ ಕಡಿಮೆ, ಹೊಗೆಯ ಉಷ್ಣತೆ ಏರುತ್ತದೆ. ಅದೇ ಹೊತ್ತಿಗೆ ಎಂಜಿನ್ನಿಗೆ ಜೋಡಿಸಿದ ನೀರಿನ ಪಂಪೂ ನಿಧಾನ. ಉರಿ ಹೆಚ್ಚಾದ ಗಳಿಗೆಯಲ್ಲೇ ತಂಪು ಕಡಿಮೆ. ಹಿಂದೆ ಎಂಜಿನ್ ಇರುವ ಗಾಡಿಯಲ್ಲಿ ಇದು ಇನ್ನೂ ಕಷ್ಟ, ಏಕೆಂದರೆ ಎದುರುಗಾಳಿ ನೇರವಾಗಿ ರೇಡಿಯೇಟರಿಗೆ ಹೊಡೆಯುವುದಿಲ್ಲ. ಎಲ್ಲವನ್ನೂ ಫ್ಯಾನೇ ಎಳೆದು ತರಬೇಕು, ಆ ಫ್ಯಾನ್ ತಾನೇ ಹತ್ತಾರು ಅಶ್ವಶಕ್ತಿ ತಿನ್ನುತ್ತದೆ. ಸುರಂಗದ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇಕಡ ಎಪ್ಪತ್ತರಷ್ಟು ಮಾತ್ರ. ಟರ್ಬೊ ಇನ್ನೂ ವೇಗವಾಗಿ ತಿರುಗಿ ಎಂಜಿನ್ನಿನ ಉಸಿರಿನ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ರೇಡಿಯೇಟರಿಗೆ ಅಂಥ ಸಹಾಯ ಇಲ್ಲ, ತೆಳು ಗಾಳಿಯಲ್ಲೇ ಅದು ಶಾಖ ಬಿಡಬೇಕು. ಆದ್ದರಿಂದ ಉಷ್ಣತೆಯ ಮುಳ್ಳು ಏರುವ ಮೊದಲೇ ಗೇರು ಇಳಿಸಿ, ಸುತ್ತು ಹೆಚ್ಚಿಸಿ, ಕಾಲನ್ನು ಸ್ವಲ್ಪ ಸಡಿಲಿಸಿ ಹತ್ತುವುದು ಎಂಜಿನ್ನಿಗೆ ಮಾಡುವ ದೊಡ್ಡ ಉಪಕಾರ. ಇದರಿಂದ ತುಸು ಹೆಚ್ಚು ಡೀಸೆಲ್ ಹೋಗಬಹುದು. ಬೆಂದು ಬಿರುಕು ಬಿಟ್ಟ ಸಿಲಿಂಡರ್ ಹೆಡ್ಡಿನ ಎದುರು ಅದು ಲೆಕ್ಕಕ್ಕೇ ಬಾರದು.

ಮೈಲೇಜು ಅಳೆಯುವವರಿಗೆ ಒಂದು ಮಾತು. ಮೇಲ್ಛಾವಣಿಯ ಎಸಿ ನಡೆಸಲು ಈ ಗಾಡಿಗಳಲ್ಲಿ ಪ್ರತ್ಯೇಕ ಡೀಸೆಲ್ ಜನರೇಟರ್ ಇರುತ್ತದೆ. ಅದು ಕುಡಿಯುವುದೂ ಎಂಜಿನ್ನಿನ ಟ್ಯಾಂಕಿನಿಂದಲೇ, ಗಂಟೆಗೆ ಒಂದೆರಡು ಲೀಟರ್. ರಾತ್ರಿಯೆಲ್ಲ ಅದನ್ನು ಓಡಿಸಿ ಬೆಳಗ್ಗೆ ಟ್ಯಾಂಕು ತುಂಬಿಸಿ ಭಾಗಿಸಿದರೆ ಆಕ್ಸಲ್ಲಿನ ಮೇಲೆ ಸುಳ್ಳು ಆರೋಪ ಬೀಳುತ್ತದೆ. ಎದುರುಗಾಳಿಯ ದಿನ, ಏರಿನ ದಿನ, ಬಯಲಿನ ದಿನ ಎಲ್ಲವೂ ಬೆರೆಯುವಷ್ಟು ದೂರದ ಸರಾಸರಿ ಮಾತ್ರ ನಂಬಲು ಯೋಗ್ಯ.

ಇನ್ನು ಇಳಿಜಾರು. ಆರು ಶೇಕಡಾ ಇಳಿಜಾರಿನಲ್ಲಿ 60 ಕಿ.ಮೀ. ವೇಗ ಮೀರದಂತೆ ಹದಿನಾರು ಟನ್ನನ್ನು ಹಿಡಿದಿಡಬೇಕೆಂದರೆ ಸುಮಾರು 120 ಕಿಲೋವ್ಯಾಟ್ ಶಾಖವನ್ನು ಎಡೆಬಿಡದೆ ಎಲ್ಲಿಯಾದರೂ ಹೊರಹಾಕಬೇಕು. ಬ್ರೇಕ್ ಡ್ರಮ್ಮಿನ ಮೇಲೇ ಹಾಕಿದರೆ ಲೈನಿಂಗು ಕಾದು ಹಿಡಿತ ಸಡಿಲವಾಗುತ್ತದೆ. ಅದಕ್ಕೆಂದೇ ಎಕ್ಸಾಸ್ಟ್ ಬ್ರೇಕ್ ಇದೆ. ಅದು ಹೊಗೆಯ ದಾರಿಯನ್ನು ಬಹುಪಾಲು ಮುಚ್ಚಿ ಪಿಸ್ಟನ್‌ಗಳು ಒತ್ತಡದ ವಿರುದ್ಧ ದುಡಿಯುವಂತೆ ಮಾಡುತ್ತದೆ. ಎಂಜಿನ್ ವೇಗವಾಗಿ ತಿರುಗಿದಷ್ಟೂ ಅದರ ಹಿಡಿತ ಬಲ. ಆದ್ದರಿಂದಲೇ ಅದರ ಸ್ವಿಚ್ಚು ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಆಲಿಸನ್ ಪೆಟ್ಟಿಗೆ ತಾನಾಗಿಯೇ ಒಂದೊಂದೇ ಗೇರು ಇಳಿಸಿ ಎಂಜಿನ್ನನ್ನು ಮೇಲಿನ ಸುತ್ತಿಗೆ ಏರಿಸುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಚಾಲಕರ ನಿಯಮದ ಹಿಂದಿರುವುದೂ ಇದೇ ತತ್ವ. 2001ರಲ್ಲಿ ಕರ್ನಾಟಕದ ರಸ್ತೆಗಳಿಗಿಳಿದ ವೋಲ್ವೊ ಬಿ7ಆರ್ ಬಸ್ಸು ಕೂಡ ಹಿಂಬದಿ ಎಂಜಿನ್ನಿನದೇ. ಶಿರಾಡಿ ಘಾಟಿಯನ್ನು ಇಳಿಯುವ ಯಾವ ಭಾರಿ ಬಸ್ಸಿಗೂ ಈ ನಿಯಮದಿಂದ ವಿನಾಯಿತಿ ಇಲ್ಲ.

ಇಳಿಯುವಾಗ ಎಂಜಿನ್ ಎರಡು ಸಾವಿರ ಸುತ್ತಿನಲ್ಲಿ ಅಬ್ಬರಿಸುವುದನ್ನು ಕೇಳಿ ಎಣ್ಣೆ ಸುರಿದುಹೋಗುತ್ತಿದೆ ಎಂದು ಹೆದರಿ ಹಲವರು ಮೇಲಿನ ಗೇರಿಗೆ ಹಾಕಿಬಿಡುತ್ತಾರೆ. ಅದು ಅಪಾಯದ ಕೆಲಸ. ಕಾಲು ತೆಗೆದಾಗ ಇಂಜೆಕ್ಟರುಗಳು ಪೂರ್ತಿ ಮುಚ್ಚಿರುತ್ತವೆ, ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರಗಳು, ಚಕ್ರಗಳನ್ನು ತಿರುಗಿಸುತ್ತಿರುವುದು ಗಾಡಿಯದೇ ತೂಕ. ಆ ಅಬ್ಬರಕ್ಕೆ ಒಂದು ಹನಿ ಡೀಸೆಲ್ಲೂ ಖರ್ಚಾಗುವುದಿಲ್ಲ.